ಓದಿದವನಿಗೂ ಅಂಕ ಕೊಡಬೇಕಾ?

ಸಾಗರದ ಓದುಗರೊಬ್ಬರು ಉದ್ದದ ಪತ್ರ ಬರೆದಿದ್ದಾರೆ. ಕಳೆದ ಸಂಚಿಕೆಯಲ್ಲಿ ಬಂದ ‘ಡಂಜನ್ ಕ್ರಾಲರ್ ಕಾರ್ಲ್’ ಕಾದಂಬರಿಯ ಆಡಿಯೊಬುಕ್ (ಒಬ್ಬರು ಓದಿ ರೆಕಾರ್ಡ್ ಮಾಡಿದ, ನಾವು ಕೇಳುವ ಪುಸ್ತಕ) ವಿಮರ್ಶೆ ಅವರಿಗೆ ಹಿಡಿಸಿಲ್ಲ. ಅರ್ಧ ವಿಮರ್ಶೆ ಓದಿದವನ ದನಿಯ ಬಗ್ಗೆಯೇ ಇದೆ, ಬರೆದವನನ್ನು ಬಿಟ್ಟು ಓದಿದವನಿಗೆ ಅಂಕ ಕೊಡೋದು ಯಾವ ನ್ಯಾಯ ಅನ್ನೋದು ಒಂದು ತಕರಾರು. ವಿಡಿಯೊ ಗೇಮ್ ನೋಡಿ ಬರೆದ ಕಥೆಗೆ ಪುಸ್ತಕದ ಪುಟದಲ್ಲಿ ಜಾಗ ಯಾಕೆ ಅನ್ನೋದು ಇನ್ನೊಂದು. ಕೊನೆಗೆ, ತಾವೇ ಒಂದು ವಿಮರ್ಶೆ ಬರೆದರೆ ಹಾಕ್ತೀರಾ ಅಂತಲೂ ಕೇಳಿದ್ದಾರೆ.

ಗೇಮ್ ತಕರಾರನ್ನು ಮೊದಲು ಮುಗಿಸಿಬಿಡೋಣ. ಇಂಥ ಆಟಗಳಿಗೆಲ್ಲ ಮೂಲ 1974ರಲ್ಲಿ ಅಮೆರಿಕದಲ್ಲಿ ಬಂದ ‘ಡಂಜನ್ಸ್ ಆಂಡ್ ಡ್ರಾಗನ್ಸ್’, ಮೇಜಿನ ಸುತ್ತ ಕೂತು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಆಡುವ ಆಟ. ಅದನ್ನು ಕಟ್ಟಿದವರಲ್ಲಿ ಒಬ್ಬರಾದ ಗ್ಯಾರಿ ಗೈಗ್ಯಾಕ್ಸ್, 1979ರ ಕೈಪಿಡಿಯ ಕೊನೆಯಲ್ಲಿ ತನಗೆ ಸ್ಫೂರ್ತಿಯಾದ ಪುಸ್ತಕಗಳನ್ನು ಪಟ್ಟಿ ಮಾಡಿಯೇ ಕೊಟ್ಟಿದ್ದಾರೆ. ಪುಸ್ತಕದಿಂದ ಆಟಕ್ಕೆ ಹೋದದ್ದು ಈಗ ಆಟದಿಂದ ಪುಸ್ತಕಕ್ಕೆ ವಾಪಸ್ ಬಂದಿದೆ, ಅಷ್ಟೇ. ಪೋಲೆಂಡಿನ ‘ವಿಚರ್’ ಕೂಡ ಮೊದಲು 1986ರ ಸಣ್ಣಕಥೆ. ಗೇಮ್ ಆದದ್ದು 2007ರಲ್ಲಿ. ಯಾವ ಕಡೆಯಿಂದ ಬಂತು ಅನ್ನೋದನ್ನು ನೋಡಿ ಜಾಗ ಕೊಡೋಕೆ ಆಗಲ್ಲ.

ಈಗ ದನಿಯ ವಿಷಯ. ಇಲ್ಲಿ ನಮ್ಮ ವಿಮರ್ಶಕರ ಪರ ನಾನು ಗಟ್ಟಿಯಾಗಿಯೇ ನಿಲ್ಲುತ್ತೇನೆ.

ಲಿಟ್‌ಆರ್‌ಪಿಜಿ ಅಂತ ಕರೆಯುವ ಈ ಬಗೆಯ ಕಥೆಗಳಲ್ಲಿ ನಾಯಕನಿಗೆ ಗೇಮಿನ ಹಾಗೇ ಅಂಕಿಗಳಿರುತ್ತವೆ. ಬಲ ಇಷ್ಟು, ಬುದ್ಧಿ ಇಷ್ಟು, ಚುರುಕು ಇಷ್ಟು, ಈಗಿನ ಲೆವೆಲ್ ಇಷ್ಟು. ಕಾಗದದ ಮೇಲೆ ಅದೊಂದು ಪಟ್ಟಿ. ಕಣ್ಣು ಒಮ್ಮೆ ಹಾಯಿಸಿ ಮುಂದೆ ಹೋಗ್ತೀರಿ. ಅದನ್ನೇ ಕಿವಿಗೆ ಹಾಕಿ ನೋಡಿ: ‘ಬಲ ಹದಿನೇಳು. ಬುದ್ಧಿ ಒಂಬತ್ತು. ಚುರುಕು ಹನ್ನೊಂದು. ಬೆಂಕಿಗೆ ತಡೆ ಶೇಕಡಾ ಐದು...’ ಹೀಗೆ ಎರಡು ನಿಮಿಷ. ಮತ್ತೆ ಮುಂದಿನ ಅಧ್ಯಾಯದಲ್ಲೂ ಅದೇ, ಹದಿನೇಳು ಹೋಗಿ ಹದಿನೆಂಟು. ಕಿವಿಗೆ ಹಾರಿಸಿ ಓದೋಕೆ ಬರಲ್ಲ ಅಲ್ವಾ? ಪುಸ್ತಕವಾಗಿ ಚೆನ್ನಾಗಿರೋದು ಆಡಿಯೊದಲ್ಲಿ ರೇಷನ್ ಅಂಗಡಿಯ ಪಟ್ಟಿ ಆಗಿಬಿಡೋದು ಇಲ್ಲೇ. ಆದ್ದರಿಂದ ಈ ಅಂಕಿಗಳು ಕಿವಿಗೆ ಹೇಗೆ ಬೀಳುತ್ತವೆ ಅಂತ ಬರೆಯದಿದ್ದರೆ ಅದು ಆಡಿಯೊಬುಕ್ ವಿಮರ್ಶೆಯೇ ಅಲ್ಲ.

‘ಕಾರ್ಲ್’ ಗೆದ್ದಿರುವುದೂ ಇಲ್ಲೇ. ಮ್ಯಾಟ್ ಡಿನ್ನಿಮನ್ 2020ರಲ್ಲಿ ಇದನ್ನು ತಾವೇ ಪ್ರಕಟಿಸಿದರು. ಭೂಮಿಯ ಕಟ್ಟಡಗಳೆಲ್ಲ ಕುಸಿಯುತ್ತವೆ. ಉಳಿದವರು ಹದಿನೆಂಟು ಅಂತಸ್ತಿನ ನೆಲಮಾಳಿಗೆಗೆ ಇಳಿಯಬೇಕು. ಅನ್ಯಗ್ರಹದವರಿಗೆ ಅದೊಂದು ರಿಯಾಲಿಟಿ ಶೋ. ಚಡ್ಡಿ, ಜಾಕೆಟ್, ಕಾಲಿಗೆ ಸಾಲದ ಚಪ್ಪಲಿಯಲ್ಲಿ ಇಳಿಯುವ ಕಾರ್ಲ್ ಜೊತೆಗೆ ಅವನ ಮಾಜಿ ಗೆಳತಿಯ ಬೆಕ್ಕು, ಪ್ರಿನ್ಸೆಸ್ ಡೋನಟ್. ಆಟ ನಡೆಸುವ ಯಂತ್ರ ಪ್ರತಿ ಸಲ ‘ಹೊಸ ಸಾಧನೆ!’ ಅಂತ ಘೋಷಿಸುತ್ತದೆ. ಆಡಿಯೊಬುಕ್ ಓದಿದ ಜೆಫ್ ಹೇಸ್ ಅದನ್ನು ಟಿವಿ ಶೋ ನಿರೂಪಕನ ಅಬ್ಬರದಲ್ಲಿ ಕೂಗ್ತಾರೆ, ಆಮೇಲೆ ಅದೇ ದನಿಯಲ್ಲಿ ಕಾರ್ಲ್‌ನ ಮಾನ ಕಳೆಯುತ್ತಾರೆ. ಬೇಸರ ತರಬೇಕಿದ್ದ ಮಾಹಿತಿಯೇ ನಗು ತರಿಸುತ್ತದೆ. ಬೆಕ್ಕು ಒಂದು ಬಿಸ್ಕತ್ತು ತಿಂದು ಮಾತು ಕಲಿತ ಮೇಲಂತೂ ಅದರ ರಾಣಿಯ ಠೀವಿ ಕೇಳಿಯೇ ತಿಳಿಯಬೇಕು. ಇಷ್ಟೂ ದನಿ ಹೆಚ್ಚುಕಡಿಮೆ ಒಬ್ಬರದೇ.

ನೀವು ಮಲೆನಾಡಿನವರು, ತಾಳಮದ್ದಳೆ ಕೇಳಿರುತ್ತೀರಿ. ವೇಷವಿಲ್ಲ, ಕುಣಿತವಿಲ್ಲ. ಕೇಳಿ ಬಂದವರು ಕಥೆ ಏನು ಅಂತ ಹೇಳ್ತಾರಾ? ಕರ್ಣನ ಅರ್ಥ ಯಾರು ಹೇಳಿದರು, ಹೇಗೆ ಹೇಳಿದರು ಅಂತ ತಾನೇ ಮಾತು ಶುರುವಾಗೋದು? ಅಲ್ಲಿ ನಿಮಗೆ ಅನ್ಯಾಯ ಅನ್ನಿಸದೇ ಇದ್ದದ್ದು ಇಲ್ಲಿ ಯಾಕೆ ಅನ್ನಿಸಿತು?

ಗೇಮ್ ಆಡದವರಿಗೂ ಇದು ಅರ್ಥವಾಗುತ್ತದೆ ಅಂತ ವಿಮರ್ಶಕರು ಬರೆದದ್ದನ್ನೂ ನೀವು ನಂಬಿಲ್ಲ. ನಂಬಬಹುದು. ಮೊರ್ಡಕೈ ಅನ್ನುವ ಮಾರ್ಗದರ್ಶಿಯ ಪಾತ್ರವೊಂದಿದೆ, ಕಾರ್ಲ್‌ಗೆ ನಿಯಮ ಹೇಳಿಕೊಡುವಾಗ ನಮಗೂ ಹೇಳಿದ ಹಾಗಾಗುತ್ತದೆ. ಆದರೆ ಬೈಗುಳ, ರಕ್ತಪಾತ ಎರಡೂ ಜಾಸ್ತಿ. ಮಕ್ಕಳನ್ನು ಕೂರಿಸಿಕೊಂಡು ಕಾರಿನಲ್ಲಿ ಹಾಕಬೇಡಿ.

ನಿಮ್ಮ ವಿಮರ್ಶೆಯನ್ನು ಖಂಡಿತ ಕಳಿಸಿ. ಸ್ಯಾಂಪಲ್ ಕೇಳಿ ಬರೆದದ್ದು ಬೇಡ, ಪೂರ್ತಿ ಕೇಳಿರಬೇಕು. ಒಂದೂವರೆ ಪಟ್ಟು ವೇಗದಲ್ಲಿ ಕೇಳಿದ್ದರೆ ಅದನ್ನೂ ಬರೆಯಿರಿ. ಆ ವೇಗದಲ್ಲಿ ಎಂಥ ಒಳ್ಳೆಯ ಓದುಗಾರನೂ ಹರಾಜು ಕೂಗಿದ ಹಾಗೆ ಕೇಳಿಸ್ತಾನೆ. ಆಮೇಲೆ ‘ಓದಿದ ರೀತಿ ಸರಿಯಿಲ್ಲ’ ಅಂದರೆ ನಾವು ಒಪ್ಪಲ್ಲ.

– ಸಂಪಾದಕ