ನಾಯಿ-ಬೆಕ್ಕು ಸಾಕಿದ ಮನೆಯ ಕಾರ್ಪೆಟ್ ತೊಳೆಯಲು ಯಾವ ಮೆಷಿನ್ ಕೊಳ್ಳಬೇಕು?

ಕಾರ್ಪೆಟ್ ಮತ್ತು ಸೋಫಾ ಕ್ಲೀನಿಂಗ್ ಕೆಲಸವನ್ನು ಹೊಸದಾಗಿ ಆರಂಭಿಸಿದ್ದೀರಿ, ನಾಯಿ-ಬೆಕ್ಕು ಇರುವ ಮನೆಗಳಲ್ಲಿ ತೊಳೆದ ಮೇಲೂ ಕೂದಲು ಉಳಿಯುತ್ತಿದೆ, ಹೆಚ್ಚು ಎಳೆತವಿರುವ ದೊಡ್ಡ ಮೆಷಿನ್ ಕೊಳ್ಳಬೇಕೇ ಅಥವಾ ಅಂಥ ಮನೆಗಳ ಕೆಲಸವನ್ನೇ ಬಿಡಬೇಕೇ ಎಂದು ಕೇಳಿದ್ದೀರಿ. ಎರಡೂ ಬೇಡ. ಇದೇ ಪ್ರಶ್ನೆಯನ್ನು ತಲೆಯಲ್ಲಿಟ್ಟುಕೊಂಡು ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಗಳನ್ನೆಲ್ಲ ಸುತ್ತಿ, ಸಾಲ ಮಾಡಿ ದೊಡ್ಡ ಮೆಷಿನ್ ತಂದವನು ನಾನು. ನನಗೆ ನಷ್ಟವಾದದ್ದು ಆ ಮೆಷಿನ್ ಬಂದ ಮೇಲೆಯೇ.

ಅದಕ್ಕೂ ಮೊದಲು ನನ್ನ ಬಳಿ ಇದ್ದದ್ದು ಈ ಕೆಲಸದಲ್ಲಿರುವ ಎಲ್ಲರ ಬಳಿಯೂ ಇರುವ ದೂಳನ್ನೂ ನೀರನ್ನೂ ಎಳೆಯುವ 30 ಲೀಟರ್ ಡ್ರಮ್ಮಿನ ವೆಟ್ ಆ್ಯಂಡ್ ಡ್ರೈ ವ್ಯಾಕ್ಯೂಮ್, ಒಂದು ಸ್ಕ್ರಬ್ಬರ್, ಕೆಲವು ಕೈಬ್ರಷ್‌ಗಳು. ಹೊಸದಾಗಿ ತಂದದ್ದು ಸ್ಪ್ರೇ ಎಕ್ಸ್‌ಟ್ರಾಕ್ಷನ್ ಮೆಷಿನ್, ಅಂದರೆ ಸೋಪಿನ ನೀರನ್ನು ಒತ್ತಡದಿಂದ ಕಾರ್ಪೆಟ್‌ನ ಒಳಕ್ಕೆ ಚಿಮ್ಮಿಸಿ ಪೈಪಿನ ತುದಿಯ ಅದೇ ಹಿಡಿಕೆಯಿಂದ ಕೊಳೆಯ ಸಮೇತ ಹಿಂದಕ್ಕೆ ಎಳೆದುಕೊಳ್ಳುವ ಮೆಷಿನ್. ವೈಟ್‌ಫೀಲ್ಡ್ ಕಡೆಯ ಒಂದು ಅಪಾರ್ಟ್‌ಮೆಂಟಿನಲ್ಲಿ ಗೋಲ್ಡನ್ ರಿಟ್ರೀವರ್ ಸಾಕಿದ್ದ ಮನೆಯವರು ಹಾಲ್‌ನ ಕಾರ್ಪೆಟ್ ತೊಳೆಯಲು ಕರೆದರು. ಭದೋಹಿಯ ಕಡೆಯಿಂದ ಬರುವ ಹ್ಯಾಂಡ್ ಟಫ್ಟೆಡ್ ಉಣ್ಣೆಯ ಕಾರ್ಪೆಟ್ ಅದು. ಎಳೆಗಳನ್ನು ಬಟ್ಟೆಗೆ ಚುಚ್ಚಿ, ಹಿಂಬದಿಗೆ ಲೇಟೆಕ್ಸ್ ಅಂಟು ಬಳಿದು, ಅದರ ಮೇಲೆ ಇನ್ನೊಂದು ಬಟ್ಟೆ ಹೊದಿಸಿರುತ್ತಾರೆ. ಜುಲೈ ತಿಂಗಳು, ಹೊರಗೆ ಬಿಡದ ಜಿನುಗು ಮಳೆ. ಆ ಮನೆಯ ಮೇಡಂ, "ಮೊದಲು ಕೂದಲು ತೆಗೆಯುವುದಿಲ್ಲವೇ?" ಎಂದು ಕೇಳಿಯೇ ಕೇಳಿದರು. "ನೀರಿನ ಜೊತೆ ಎಲ್ಲ ಬಂದುಬಿಡುತ್ತದೆ ಮೇಡಂ" ಎಂದು ಹೇಳಿ, ಹೆಸರಿಗೊಮ್ಮೆ ವ್ಯಾಕ್ಯೂಮ್ ಎಳೆದು, ನೀರು ಬಿಟ್ಟೆ.

ಆಗ ಕಾರ್ಪೆಟ್‌ನ ಒಳಗೆ ಏನಾಯಿತು ಎಂಬುದನ್ನು ನಿಮಗೆ ಬೇಸರವಾದರೂ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಅದು ನನಗೆ ಅರ್ಥವಾಗಲು ಬಹಳ ಕಾಲ ಹಿಡಿಯಿತು. ನಾಯಿಯ ಕೂದಲಿನ ಮೈಮೇಲೆ ಒಂದರ ಮೇಲೊಂದು ಹೊದಿಸಿದಂತೆ ಸೂಕ್ಷ್ಮವಾದ ಪದರಗಳಿವೆ, ಉಣ್ಣೆಯ ಎಳೆಗೂ ಅಂಥವೇ ಪದರಗಳಿವೆ. ಒದ್ದೆಯಾಗಿರುವಾಗ ಉಜ್ಜಿದರೆ ಇವೆರಡೂ ಪರಸ್ಪರ ಕಚ್ಚಿಕೊಂಡು ಗಂಟಾಗುತ್ತವೆ. ಒಣಗಿದ್ದಾಗ ಬಿಡಿಬಿಡಿಯಾಗಿ ಕುಳಿತಿದ್ದ ಕೂದಲು ನೀರು ಬಿದ್ದ ಕ್ಷಣದಲ್ಲಿ ಎಳೆಗಳ ಬುಡಕ್ಕೆ ಅಂಟಿಕೊಂಡಿತು, ನಾನು ಬ್ರಷ್ ಹಾಕಿ ಉಜ್ಜಿದಾಗ ಹೊಸೆದುಕೊಂಡಿತು. ಹೀಗೆ ಹೊಸೆದುಕೊಂಡ ಕೂದಲು ನೀರೆಳೆಯುವ ಹಿಡಿಕೆಯ ತುದಿಯಲ್ಲಿರುವ ಕಿರಿದಾದ ಸೀಳಿಗೆ ಅಡ್ಡಡ್ಡಲಾಗಿ ಬಂದು ಕುಳಿತುಕೊಂಡಿತು. ಆ ಸೀಳು ಪೂರ್ತಿ ಮುಚ್ಚಿಕೊಂಡಿದ್ದರೆ ನನಗೆ ಗೊತ್ತಾಗುತ್ತಿತ್ತು, ಆದರೆ ಅದು ಮುಚ್ಚಿಕೊಂಡದ್ದು ಸ್ವಲ್ಪಸ್ವಲ್ಪವೇ, ಒಂದು ಬದಿಯಿಂದ. ಜೊತೆಗೆ ಡ್ರಮ್ಮಿನ ಒಳಗಿನ ಜಾಲರಿಗೂ ಕೂದಲು ಮೆತ್ತಿಕೊಂಡಿತು. ಚಿಮ್ಮುವ ನೀರು ಮಾತ್ರ ಮೊದಲಿನಷ್ಟೇ ಒತ್ತಡದಿಂದ ಒಳಗೆ ಹೋಗುತ್ತಿತ್ತು, ಹಿಂದಕ್ಕೆ ಬರುವ ನೀರು ಕಡಿಮೆಯಾಗುತ್ತ ಹೋಯಿತು. ಒಳಹೋದದ್ದಕ್ಕೂ ಹೊರಬಂದದ್ದಕ್ಕೂ ಇರುವ ವ್ಯತ್ಯಾಸವೆಲ್ಲ ಲೇಟೆಕ್ಸಿನ ಮೇಲೆ, ಹಿಂಬದಿಯ ಬಟ್ಟೆಯಲ್ಲಿ ನಿಂತಿತು.

ಮೋಟರಿನ ಸದ್ದು ನನ್ನನ್ನು ಇನ್ನಷ್ಟು ದಾರಿತಪ್ಪಿಸಿತು. ಕೆಲಸದ ನಡುವೆ ಸದ್ದು ಏರುತ್ತ ಹೋದಂತೆ, ದುಡ್ಡು ಕೊಟ್ಟಿದ್ದಕ್ಕೆ ಮೆಷಿನ್ ಚೆನ್ನಾಗಿ ಎಳೆಯುತ್ತಿದೆ ಎಂದು ನಾನು ಹಿಗ್ಗಿದೆ. ವಿಷಯ ತದ್ವಿರುದ್ಧವಾಗಿತ್ತು. ವ್ಯಾಕ್ಯೂಮ್ ಮೋಟರಿನ ಮೇಲಿರುವ ಭಾರವೆಂದರೆ ಅದರ ಫ್ಯಾನ್ ತಳ್ಳಬೇಕಾದ ಗಾಳಿ. ದಾರಿ ಕಟ್ಟಿಕೊಂಡಾಗ ತಳ್ಳಲು ಗಾಳಿ ಸಿಗುವುದಿಲ್ಲ, ಭಾರವಿಳಿದ ಫ್ಯಾನ್ ಇನ್ನೂ ವೇಗವಾಗಿ ತಿರುಗಿ ಕೀಚಲು ಸದ್ದು ಮಾಡುತ್ತದೆ. ಸದ್ದು ಏರಿತೆಂದರೆ ಮೊದಲು ಸ್ವಿಚ್ ಆರಿಸಿ, ಹಿಡಿಕೆಯನ್ನು ತಿರುಗಿಸಿ ಸೀಳನ್ನು ನೋಡಬೇಕು, ಆಮೇಲೆ ಜಾಲರಿಯನ್ನು ತೊಳೆಯಬೇಕು. ಮೆಷಿನ್ ಮಾರಿದವರು ಇದನ್ನು ನನಗೆ ಹೇಳಲಿಲ್ಲ. ಮೆಷಿನ್ ಎಷ್ಟು ವಾಟ್ ಎಂಬುದನ್ನು ಬಿಟ್ಟು ನಾನೂ ಬೇರೇನನ್ನೂ ಕೇಳಲಿಲ್ಲ.

ಆ ಮಳೆಯಲ್ಲಿ ಫ್ಯಾನ್ ಕೆಳಗೆ ಬಿಟ್ಟುಬಂದ ಕಾರ್ಪೆಟ್ ಬೇಗ ಒಣಗಲಿಲ್ಲ. ಹಿಂಬದಿಗೆ ಹೊದಿಸುವ ಹತ್ತಿಯಂಥ, ಸೆಣಬಿನಂಥ ಗಿಡದ ನಾರಿನ ಬಟ್ಟೆ ಬಹಳ ಹೊತ್ತು ಒದ್ದೆಯಾಗಿದ್ದರೆ ಅದರೊಳಗಿನ ಕಂದು ಅಂಶ ನೀರಿನಲ್ಲಿ ಕರಗಿ, ಒಣಗುವಾಗ ಎಳೆಗಳ ಮೂಲಕ ಮೇಲೆ ಹತ್ತಿ, ತುದಿಯಲ್ಲಿ ಕಲೆಯಾಗಿ ನಿಲ್ಲುತ್ತದೆ. ತಿಳಿಬಣ್ಣದ ಆ ಕಾರ್ಪೆಟ್‌ನ ಮೇಲೆ ಚಹಾ ಚೆಲ್ಲಿದಂಥ ಕಲೆಗಳು ಎದ್ದವು, ಕೆಟ್ಟ ವಾಸನೆ ಬಂದಿತು, ಕೂದಲಂತೂ ಸಣ್ಣ ಸಣ್ಣ ಗಂಟುಗಳಾಗಿ ಅಲ್ಲಲ್ಲೇ ಉಳಿದಿತ್ತು. ಮನೆಯವರು ಕೂಗಾಡಲಿಲ್ಲ, ಕಾರ್ಪೆಟ್‌ನ ಬಿಲ್ ಕಳಿಸಿದರು. ಬೆಲೆಯ ಅರ್ಧದಷ್ಟನ್ನು ಕಂತಿನಲ್ಲಿ ಕಟ್ಟಿದೆ. ಅದಕ್ಕಿಂತ ದೊಡ್ಡ ಪೆಟ್ಟೆಂದರೆ ಆ ಅಪಾರ್ಟ್‌ಮೆಂಟಿನ ವಾಟ್ಸ್ಆ್ಯಪ್ ಗುಂಪಿಗೆ ಕಲೆಗಳ ಫೋಟೋ ಹೋದದ್ದು, ಏಕೆಂದರೆ ಅಲ್ಲಿನ ಇತರ ಮನೆಗಳಿಂದ ಆಮೇಲೆ ನನಗೆ ಒಂದು ಕರೆಯೂ ಬರಲಿಲ್ಲ.

ಆದ್ದರಿಂದ ನನ್ನ ಅಭಿಪ್ರಾಯವನ್ನು ಮುಲಾಜಿಲ್ಲದೆ ಹೇಳುತ್ತೇನೆ. ಕೂದಲು ತೆಗೆಯುವುದು ತೊಳೆಯುವ ಕೆಲಸದ ಭಾಗವಲ್ಲ. ಅದು ತೊಳೆಯುವುದಕ್ಕೆ ಮೊದಲು, ಕಾರ್ಪೆಟ್ ಪೂರ್ತಿ ಒಣಗಿರುವಾಗ ಮುಗಿಯಬೇಕಾದ ಬೇರೆಯೇ ಕೆಲಸ. ಅದಕ್ಕೆ ಬೇರೆ ಸಮಯ ಬೇಕು, ಬೇರೆ ದುಡ್ಡನ್ನೂ ಕೇಳಬೇಕು. "ತೊಳೆದ ಮೇಲೂ ಕೂದಲು ಉಳಿಯುತ್ತಿದೆ" ಎಂದು ನೀವು ಬರೆದಿರುವ ವಾಕ್ಯದಲ್ಲೇ ತಪ್ಪಿದೆ: ಕೂದಲು ತೊಳೆದ ಮೇಲೆ ಉಳಿದದ್ದಲ್ಲ, ತೊಳೆಯುವ ಮೊದಲೇ ನೀವು ಉಳಿಸಿದ್ದು.

ಇದಕ್ಕೆ ನಾನು ಈಗ ಮೊದಲು ಕೈಗೆತ್ತಿಕೊಳ್ಳುವುದು ಬಾತ್‌ರೂಮಿನ ನೆಲದ ನೀರು ತಳ್ಳುವ ರಬ್ಬರ್ ವೈಪರ್. ಕಾರ್ಪೆಟ್‌ಗೆಂದೇ ಮಾಡಿದ ರಬ್ಬರ್ ಹಲ್ಲಿನ ಪೊರಕೆ ಸಿಕ್ಕರೆ ಇನ್ನೂ ಒಳ್ಳೆಯದು, ಸಿಗದಿದ್ದರೆ ಅಂಚು ಗಟ್ಟಿಯಾಗಿರುವ ಹೊಸ ವೈಪರ್ ಸಾಕು. ಅದನ್ನು ಒತ್ತಿ ಹಿಡಿದು, ಗೇಣುದ್ದದ ಚಿಕ್ಕ ಎಳೆತಗಳಲ್ಲಿ, ಎಳೆಗಳು ಮಲಗಿರುವ ದಿಕ್ಕಿಗೆ ಎದುರಾಗಿ ನಮ್ಮ ಕಡೆಗೆ ಎಳೆಯಬೇಕು. ಆಚೀಚೆ ತಳ್ಳಿದರೆ ಮೇಲೆ ಬಂದ ಕೂದಲು ಮತ್ತೆ ಒಳಗೆ ಹೋಗುತ್ತದೆ. ರಬ್ಬರಿನ ತಿಕ್ಕಾಟಕ್ಕೆ ಬುಡದಲ್ಲಿದ್ದ ಕೂದಲು ಮೇಲೆದ್ದು ಉದ್ದನೆಯ ಸುರುಳಿಯಾಗಿ ವೈಪರಿನ ಮುಂದೆ ಸೇರುತ್ತದೆ, ಅದನ್ನು ಕೈಯಿಂದ ಎತ್ತಿ ಚೀಲಕ್ಕೆ ಹಾಕಬೇಕು. ಗಿರಾಕಿ ದಿನವೂ ವ್ಯಾಕ್ಯೂಮ್ ಮಾಡುತ್ತೇವೆ ಎಂದು ಹೇಳಿದ ಕಾರ್ಪೆಟ್‌ನಿಂದ ಹೀಗೆ ಬರುವ ಕೂದಲನ್ನು ಒಮ್ಮೆ ಅವರ ಎದುರಿಗೇ ಎತ್ತಿ ತೋರಿಸಿ, ಪ್ರತ್ಯೇಕ ದುಡ್ಡೇಕೆ ಎಂಬ ಪ್ರಶ್ನೆ ಮತ್ತೆ ಬರುವುದಿಲ್ಲ. ಒಂದು ದಿಕ್ಕು ಮುಗಿದ ಮೇಲೆ ಅಡ್ಡ ದಿಕ್ಕಿನಲ್ಲಿಯೂ ಎಳೆಯಬೇಕು. ಸೋಫಾದ ಕಾಲುಗಳ ಸುತ್ತ, ಟೀಪಾಯಿಯ ಕೆಳಗೆ, ನಾಯಿ ಮಲಗುವ ಮೂಲೆಯಲ್ಲಿ ಹೆಚ್ಚು ಸಮಯ ಕೊಡಬೇಕು.

ಅದಾದ ಮೇಲೆಯೇ ವ್ಯಾಕ್ಯೂಮ್. ಬರೀ ಎಳೆತವಿರುವ ಚಪ್ಪಟೆ ಬಾಯಿಯ ವ್ಯಾಕ್ಯೂಮ್ ದೂಳನ್ನು ತೆಗೆಯುತ್ತದೆ, ಕೂದಲನ್ನು ಅಷ್ಟಾಗಿ ತೆಗೆಯುವುದಿಲ್ಲ. ಬಾಯಲ್ಲಿ ತಿರುಗುವ ಬ್ರಷ್ ಇರುವುದೇ ಬೇಕು. ಅದನ್ನೂ ಪೊರಕೆ ಬೀಸಿದ ಹಾಗೆ ಬೀಸದೆ, ನಿಧಾನವಾಗಿ ಎಳೆಯಬೇಕು. ಬ್ರಷ್‌ಗೆ ಸುತ್ತಿಕೊಂಡ ಕೂದಲನ್ನು ಪ್ರತಿ ಮನೆಯ ಕೆಲಸ ಮುಗಿದ ಮೇಲೆ ಬ್ಲೇಡಿನಿಂದ ಉದ್ದಕ್ಕೆ ಸೀಳಿ ತೆಗೆಯದಿದ್ದರೆ ಅದು ಬೇರಿಂಗ್ ಕಡೆಗೆ ಹರಿದು, ಕೊನೆಗೆ ಬೆಲ್ಟ್ ಸುಡುತ್ತದೆ. ಕಾರ್ಪೆಟ್ ಎತ್ತಲು ಬರುವಂಥದ್ದಾಗಿದ್ದರೆ ಮಗುಚಿ ಹಾಕಿ ಹಿಂಬದಿಯಿಂದಲೂ ಒಮ್ಮೆ ಎಳೆಯಿರಿ. ಬುಡದಲ್ಲಿ ಕುಳಿತ ಮರಳು ಕೆಳಗೆ ಉದುರುತ್ತದೆ, ಅದರೊಂದಿಗೆ ಕೂದಲೂ ಸಡಿಲವಾಗುತ್ತದೆ. ಕೊನೆಯಲ್ಲಿ ತುಸು ಒದ್ದೆ ಮಾಡಿದ ರಬ್ಬರ್ ಕೈಗವಸು ಹಾಕಿಕೊಂಡು ಅಲ್ಲಲ್ಲಿ ಸವರಿ ನೋಡಬೇಕು. ಕೈಗೆ ಕೂದಲು ಬಂದರೆ ನೀರಿನ ಪೈಪನ್ನು ಮುಟ್ಟಬೇಡಿ, ವೈಪರಿಗೆ ಹಿಂದಿರುಗಿ.

ಉದ್ದ ಕೂದಲಿನ ನಾಯಿಯೇ ಕಷ್ಟವೆಂದು ಬಹಳ ಮಂದಿ ತಿಳಿದಿದ್ದಾರೆ. ನನ್ನ ಅನುಭವದಲ್ಲಿ ಲ್ಯಾಬ್ರಡಾರ್‌ನ ಗಿಡ್ಡ, ಬಿರುಸಾದ ಕೂದಲಷ್ಟು ಕಾಡಿಸುವಂಥದ್ದು ಬೇರೆ ಇಲ್ಲ, ಏಕೆಂದರೆ ಅದು ಸುರುಳಿ ಕಟ್ಟದೆ ಎಳೆಗಳ ನಡುವೆ ನೆಟ್ಟಗೆ ಚುಚ್ಚಿಕೊಂಡು ನಿಲ್ಲುತ್ತದೆ. ಪರ್ಷಿಯನ್ ಬೆಕ್ಕಿನ ಕೂದಲು ನೋಡಲು ಭಯ ಹುಟ್ಟಿಸಿದರೂ ರಬ್ಬರಿಗೆ ಸಲೀಸಾಗಿ ಬರುತ್ತದೆ. ಪಾಲಿಪ್ರೊಪಿಲೀನ್‌ನಂಥ ಪ್ಲಾಸ್ಟಿಕ್ ಎಳೆಯ ಕಾರ್ಪೆಟ್‌ಗಳಲ್ಲಿ ಫೆಬ್ರುವರಿ-ಮಾರ್ಚ್‌ನ ಒಣಹವೆಯಲ್ಲಿ ಸ್ಥಾಯೀ ವಿದ್ಯುತ್ತಿನಿಂದಾಗಿ ಕೂದಲು ಬಿಡದೆ ಅಂಟಿಕೊಳ್ಳುತ್ತದೆ. ಆಗ ವೈಪರಿನ ರಬ್ಬರನ್ನು ಒದ್ದೆ ಬಟ್ಟೆಯಿಂದ ಒರೆಸಿಕೊಂಡು ಎಳೆದರೆ ಸಾಕಾಗುತ್ತದೆ.

ತಿರುಗುವ ಬ್ರಷ್ ಎಲ್ಲ ಕಡೆಗೂ ಸಲ್ಲದು. ಎಳೆಗಳು ಕತ್ತರಿಸದೆ ಕುಣಿಕೆಯಾಗಿಯೇ ಇರುವ ಕಾರ್ಪೆಟ್‌ನಲ್ಲಿ ಅದು ಒಂದು ಕುಣಿಕೆಗೆ ಸಿಕ್ಕಿಕೊಂಡರೆ ಸಾಲಿಗೆ ಸಾಲೇ ಕಿತ್ತು ಬರುತ್ತದೆ; ಕೈಗಂಟಿನ ಕಾಶ್ಮೀರಿ ಕಾರ್ಪೆಟ್‌ಗಳ ಅಂಚಿನ ಕುಚ್ಚುಗಳನ್ನೂ ನುಂಗುತ್ತದೆ. ಧಾರವಾಡದ ಕಡೆಯವರ ಮನೆಗಳಲ್ಲಿ ನವಲಗುಂದದ ಜಮಖಾನೆ ಸಿಕ್ಕರೆ ಮೆಷಿನ್ನನ್ನು ಚೀಲದಿಂದ ಹೊರಗೆ ತೆಗೆಯಲೇಬೇಡಿ. ಹೆಣ್ಣುಮಕ್ಕಳು ಮಗ್ಗದಲ್ಲಿ ಕೈಯಿಂದಲೇ ನೇಯುವ ಆ ಹತ್ತಿಯ ಹಾಸಿನಲ್ಲಿ ಎದ್ದು ನಿಲ್ಲುವ ಎಳೆಗಳೇ ಇಲ್ಲ, ಕೂದಲು ನೇಯ್ಗೆಯ ಸಂದಿಗೇ ಸೇರಿರುತ್ತದೆ. ಬಾಲ್ಕನಿಯಲ್ಲಿ ತೂಗುಹಾಕಿ ಹಿಂಬದಿಯಿಂದ ಬಡಿದು, ಮೆದು ಬ್ರಷ್‌ನಿಂದ ನೇಯ್ಗೆಯ ಉದ್ದಕ್ಕೆ ಎಳೆಯುವುದೇ ಅದಕ್ಕೆ ಸರಿ. ನೀರು ಹಾಕುವ ಮೊದಲು ಒದ್ದೆ ಬಿಳಿ ಬಟ್ಟೆಯನ್ನು ಒಂದು ಮೂಲೆಗೆ ಒತ್ತಿ, ಬಣ್ಣ ಬಿಡುತ್ತದೆಯೇ ಎಂದು ನೋಡಿ.

ಮೆಷಿನ್ ಕೊಳ್ಳಲು ಇಟ್ಟಿರುವ ಹಣದಲ್ಲಿ ತಿರುಗುವ ಬ್ರಷ್ಷಿನ ಒಂದು ಒಳ್ಳೆಯ ವ್ಯಾಕ್ಯೂಮ್ ಕೊಳ್ಳಿ, ಅದರಲ್ಲಿ ತೀರಾ ಸಣ್ಣ ಕಣಗಳನ್ನೂ ಹಿಡಿದಿಡುವ ಹೆಪಾ ಫಿಲ್ಟರ್ ಇರಲಿ. ನಾಯಿ-ಬೆಕ್ಕಿನಿಂದ ಅಲರ್ಜಿಯಾಗುವವರಿಗೆ ತೊಂದರೆ ಕೊಡುವುದು ಕೂದಲಿಗಿಂತ ಹೆಚ್ಚಾಗಿ ಅದಕ್ಕೆ ಅಂಟಿದ ಜೊಲ್ಲು ಮತ್ತು ಚರ್ಮದ ಹೊಟ್ಟಿನಲ್ಲಿರುವ ಪ್ರೋಟೀನುಗಳು. ಸಾಧಾರಣ ಫಿಲ್ಟರಿನ ವ್ಯಾಕ್ಯೂಮ್ ಆ ಹೊಟ್ಟನ್ನು ಹಿಂದಿನಿಂದ ಮತ್ತೆ ಮನೆಯೊಳಗೇ ಊದುತ್ತದೆ, ಮಕ್ಕಳಿಗೆ ಸೀನು ಬಂದರೆ ಹೆಸರು ಕೆಡುವುದು ನಿಮ್ಮದು.

ಅಂಥ ಮನೆಗಳನ್ನು ಬಿಡುವ ಮಾತನ್ನಂತೂ ಆಡಲೇಬೇಡಿ. ಮಕ್ಕಳ ಹಾಗೆ ನಾಯಿ ಸಾಕಿದವರು ಕಾರ್ಪೆಟ್ ಪದೇ ಪದೇ ತೊಳೆಸುತ್ತಾರೆ, ಕೆಲಸ ಹಿಡಿಸಿದರೆ ಬೇರೆಯವರನ್ನು ಹುಡುಕುವುದಿಲ್ಲ. ಫೋನಿನಲ್ಲಿ ಚದರ ಅಡಿಗೆ ಇಷ್ಟು ಎಂದು ಒಪ್ಪಿಕೊಳ್ಳುವುದನ್ನು ಮಾತ್ರ ಬಿಟ್ಟುಬಿಡಿ. ಯಾವ ಪ್ರಾಣಿ, ಯಾವ ತಳಿ, ಕಾರ್ಪೆಟ್‌ನ ಮೇಲೆಯೇ ಮಲಗುತ್ತದೆಯೇ ಎಂದು ಕೇಳಿ, ಹಿಂಬದಿಯ ಮತ್ತು ಮುಂಬದಿಯ ಫೋಟೋ ತರಿಸಿಕೊಂಡು, ಕೂದಲು ತೆಗೆಯುವ ಕೆಲಸಕ್ಕೆ ಗಂಟೆಯ ಲೆಕ್ಕದಲ್ಲಿ ಬೇರೆ ಸಾಲು ಬರೆದು ಕಳಿಸಿ. ಆ ಸಾಲನ್ನು ನೋಡಿ ಹಿಂದೆ ಸರಿಯುವವರು ಸರಿಯಲಿ.

ಫ್ಯಾಬ್ರಿಕ್ ಕಂಡಿಷನರ್ ಸಿಂಪಡಿಸಿದರೆ ಕೂದಲು ಸುಲಭವಾಗಿ ಬಿಡುತ್ತದೆಯೇ ಎಂದೂ ಕೇಳಿದ್ದೀರಿ. ಬಿಡುತ್ತದೆ, ಆದರೆ ಅದರ ಜಿಡ್ಡು ಎಳೆಗಳ ಮೇಲೆ ಉಳಿದು ಕಾರ್ಪೆಟ್ ಮೊದಲಿಗಿಂತ ಬೇಗ ಕೊಳೆಯಾಗುತ್ತದೆ. ಸೋಫಾ ಕವರಿಗೆ ಬೇಕಾದರೆ ಬಳಸಿ, ಕಾರ್ಪೆಟ್‌ಗೆ ಬೇಡ. ಎಷ್ಟೇ ಎಚ್ಚರದಿಂದ ತೆಗೆದರೂ ಒಣಗಿದ ಮೇಲೆ ಸ್ವಲ್ಪ ಕೂದಲು ಮೇಲೆದ್ದು ಕಾಣಿಸುವುದು ಸಹಜ, ಆದ್ದರಿಂದ ಮರುದಿನ ಒಮ್ಮೆ ವ್ಯಾಕ್ಯೂಮ್ ಎಳೆಯಲು ಹೋಗಿಬರುವುದನ್ನೂ ದರದಲ್ಲೇ ಸೇರಿಸಿಕೊಳ್ಳಿ. ಡ್ರಮ್ಮಿನ ಕೊಳೆನೀರನ್ನು ಗಿರಾಕಿಯ ಬಾತ್‌ರೂಮಿಗೆ ಸುರಿಯುವಾಗ ಹಳೆಯ ಸೊಳ್ಳೆಪರದೆಯ ತುಂಡನ್ನು ಅಡ್ಡ ಹಿಡಿದು ಸೋಸಿ ಸುರಿಯಿರಿ. ನೆಲದ ನೀರು ಇಳಿದುಹೋಗುವ ನಹಾನಿ ಟ್ರ್ಯಾಪ್ ಕಟ್ಟಿಕೊಂಡರೆ ಪ್ಲಂಬರಿನ ಖರ್ಚೂ ನಿಮ್ಮ ತಲೆಗೇ ಬರುತ್ತದೆ.