ಬೇರೆಯವರ ಹಾಡನ್ನು ಎಲ್‌ಜಿಬಿಟಿ ಸಮುದಾಯ, ಅಂದರೆ ಸಲಿಂಗಿಗಳು, ಉಭಯಲಿಂಗಾಸಕ್ತರು, ಟ್ರಾನ್ಸ್‌ಜೆಂಡರ್ ಜನ, ತನ್ನ ಹಾಡು ಅನ್ನುವುದು ಹೇಗೆ?

ಪದಗಳು ಅವೇ ಇರುತ್ತವೆ. ಹಾಡುವ ದನಿ, ಕೇಳುವವರ ಬದುಕು ಬದಲಾದಾಗ ಕವರ್ ಹಾಡಿಗೆ, ಅಂದರೆ ಒಬ್ಬರ ಹಾಡನ್ನು ಇನ್ನೊಬ್ಬರು ಹಾಡಿದ್ದಕ್ಕೆ, ಹೊಸ ಅರ್ಥ ಬರುತ್ತದೆ. ಜನ ಕೂಡಿ ಹಾಡುತ್ತಾ ಹಾಡುತ್ತಾ ಅದನ್ನು ತಮ್ಮದು ಮಾಡಿಕೊಳ್ಳುತ್ತಾರೆ.

ನಮ್ಮ ಕಲಬುರಗಿ ಕಡೆ ಭಜನೆಯಲ್ಲಿ ಕಡಕೋಳ ಮಡಿವಾಳಪ್ಪನವರ ತತ್ವಪದ ಕೇಳಿದವರಿಗೆ ಇದು ಹೊಸದಲ್ಲ. ಮಗನನ್ನು ಕಳೆದುಕೊಂಡ ತಾಯಿ ಅದೇ ಪದ ಹಾಡಿದರೆ ಕೂತವರ ಕಣ್ಣು ತುಂಬುತ್ತವೆ, ಅಲ್ವಾ?

‘ಡೋಂಟ್ ಲೀವ್ ಮಿ ದಿಸ್ ವೇ’ ನೋಡಿ. ‘ನನ್ನನ್ನು ಹೀಗೆ ಬಿಟ್ಟು ಹೋಗಬೇಡ’ ಅನ್ನುವ ಪ್ರೇಮಗೀತೆ. 1975ರಲ್ಲಿ ಅಮೆರಿಕದ ಹೆರಾಲ್ಡ್ ಮೆಲ್ವಿನ್ ಮತ್ತು ಬ್ಲೂ ನೋಟ್ಸ್ ತಂಡ ಹಾಡಿತು. ಮರುವರ್ಷ ಥೆಲ್ಮಾ ಹ್ಯೂಸ್ಟನ್ ಅದನ್ನು ಡಿಸ್ಕೊ ತಾಳಕ್ಕೆ ತಂದರು. ಸಲಿಂಗಿಗಳು ಸೇರಿ ಕುಣಿಯುತ್ತಿದ್ದ ಕ್ಲಬ್‌ಗಳಲ್ಲಿ ಅದು ಮೊಳಗಿತು. 1980ರ ದಶಕದಲ್ಲಿ ಏಡ್ಸ್ ಬಂತು. ಜೊತೆಗೆ ಕುಣಿದವರೇ ಒಬ್ಬೊಬ್ಬರಾಗಿ ತೀರಿಕೊಂಡರು. ಆಗ ಅದೇ ಸಾಲು ಸಾಯುತ್ತಿರುವ ಗೆಳೆಯನ ಕೈ ಹಿಡಿದು ಹೇಳುವ ಮಾತಾಯಿತು. ಒಂದಕ್ಷರವೂ ಬದಲಾಗಬೇಕಾಗಲಿಲ್ಲ. 1986ರಲ್ಲಿ ಬ್ರಿಟನ್ನಿನ ಕಮ್ಯುನಾರ್ಡ್ಸ್ ತಂಡದ ಜಿಮ್ಮಿ ಸೋಮರ್‌ವಿಲ್ ಇದನ್ನು ಹಾಡಿದರು. ತಾನು ಸಲಿಂಗಿ ಎಂದು ಎಲ್ಲರೆದುರು ಹೇಳಿಕೊಂಡಿದ್ದ ಗಾಯಕ ಅವರು.