ಏಕನಾಯಕನ ಬೇರು, ಅರಿಶಿನದ ಕ್ಯಾಪ್ಸೂಲ್ ಮತ್ತು ಕಿರುರಕ್ತನಾಳ

ಕುಮಟಾ ತಾಲೂಕಿನ ಓದುಗರೊಬ್ಬರ ಪತ್ರ: ಸಕ್ಕರೆ ಕಾಯಿಲೆಗೆ ಹನ್ನೆರಡು ವರ್ಷ. ಕಣ್ಣಿನ ಒಳಪರದೆಯಾದ ರೆಟಿನಾದಲ್ಲಿ ರಕ್ತದ ಚುಕ್ಕೆಗಳು ಕಂಡಿವೆ, ಮೂತ್ರದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್ ಹೋಗುತ್ತಿದೆ. ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್ ನಡೆಯುತ್ತಿವೆ. ಶಿರಸಿಯ ನೆಂಟರು ಏಕನಾಯಕ ಎಂಬ ಕಾಡುಬಳ್ಳಿಯ ಬೇರು ಕೊಟ್ಟಿದ್ದಾರೆ, ಅಂಗಡಿಯವರು ಅರಿಶಿನದ ಕ್ಯಾಪ್ಸೂಲ್ ತೋರಿಸಿದ್ದಾರೆ. ಸಣ್ಣ ರಕ್ತನಾಳ ಉಳಿಸುವ ಗಿಡ ಯಾವುದು, ಮಾತ್ರೆ ಬಿಡಬಹುದೇ ಎಂದು ಕೇಳಿದ್ದಾರೆ.

ಸಂಪಾದಕರ ಉತ್ತರ

ಮಾನ್ಯರೇ,

ಮಾತ್ರೆ ಬಿಡಬೇಡಿ. ಗಿಡದ ಜಾಡಿನಿಂದ ಹುಟ್ಟಿದ ಔಷಧ ಆಗಲೇ ನಿಮ್ಮ ಮಾತ್ರೆ ಡಬ್ಬಿಯಲ್ಲಿದೆ. ಯುರೋಪಿನ ಗ್ಯಾಲೆಗಾ ಎಂಬ ಗಿಡದಲ್ಲಿನ ಗ್ಯಾಲೆಜಿನ್‌ನ ಜಾಡು ಹಿಡಿದು ಹೋದದ್ದರಿಂದಲೇ ಮೆಟ್‌ಫಾರ್ಮಿನ್ ಸಿಕ್ಕಿತು. ಸೇಬಿನ ಮರದ ಬೇರಿನ ತೊಗಟೆಯಿಂದ 1835ರಲ್ಲಿ ಫ್ಲೋರಿಝಿನ್ ತೆಗೆದರು. ಅದು ಕಿಡ್ನಿ ಸಕ್ಕರೆಯನ್ನು ಮರಳಿ ಹೀರದಂತೆ ತಡೆಯುತ್ತಿತ್ತು, ಆದರೆ ಕರುಳಿನಲ್ಲೇ ಒಡೆದುಹೋಗುತ್ತಿತ್ತು. ಅದರ ರಚನೆಯನ್ನು ತಿದ್ದಿದ ಮೇಲೆ ಬಂದದ್ದು ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆಗಳು. ಇವು ಕಿಡ್ನಿಯ ಸೋಸುವ ಗೊಂಚಲಿನೊಳಗಿನ ಒತ್ತಡವನ್ನೂ ಇಳಿಸುತ್ತವೆ. 2020ರಲ್ಲಿ ಪ್ರಕಟವಾದ 4,304 ಕಿಡ್ನಿ ರೋಗಿಗಳ ಪರೀಕ್ಷೆಯಲ್ಲಿ ಡಾಪಾಗ್ಲಿಫ್ಲೋಜಿನ್ ಪಡೆದವರಲ್ಲಿ ಕಿಡ್ನಿ ತೀರಾ ಕುಸಿಯುವುದು ಅಥವಾ ಕಿಡ್ನಿ, ಹೃದಯದ ಕಾರಣಕ್ಕೆ ಸಾವು ಬರುವುದು ಶೇ. 39ರಷ್ಟು ಕಡಿಮೆಯಿತ್ತು. ಆಲ್ಬುಮಿನ್ ಹೋಗುತ್ತಿರುವ ನಿಮಗೆ ಇದು ಹೊಂದುತ್ತದೆಯೇ ಎಂದು ವೈದ್ಯರನ್ನು ಕೇಳಿ. ಇವನ್ನು ತೆಗೆದುಕೊಳ್ಳುವವರು ಉಪವಾಸ, ವಾಂತಿಭೇದಿಯ ದಿನ ನಿಲ್ಲಿಸಬೇಕಾಗುತ್ತದೆ. ಆ ಸೂಚನೆಯನ್ನೂ ಮೊದಲೇ ಬರೆಸಿಕೊಳ್ಳಿ.

ಏಕನಾಯಕನ ಬೇರು ಸುಳ್ಳಲ್ಲ. ಅದರಲ್ಲಿರುವ ಸಲಾಸಿನಾಲ್ ಕರುಳಿನಲ್ಲಿ ಪಿಷ್ಟ, ಸಕ್ಕರೆ ಒಡೆಯುವುದನ್ನು ನಿಧಾನ ಮಾಡುತ್ತದೆ. ವೋಗ್ಲಿಬೋಸ್ ಮಾತ್ರೆಯ ಕೆಲಸವೂ ಇದೇ. ಊಟದ ನಂತರದ ಏರಿಕೆ ತಗ್ಗುತ್ತದೆ, ಹೊಟ್ಟೆಯುಬ್ಬರ ಬರುತ್ತದೆ. ಅಪಾಯ ಇರುವುದು ಶುಗರನ್ನು ತೀರಾ ಇಳಿಸಬಲ್ಲ ಗ್ಲಿಮೆಪಿರೈಡ್ ಜೊತೆ ಸೇರಿದಾಗ. ಬೆವರು, ನಡುಕ ಬಂದು ಶುಗರ್ ಇಳಿದರೆ ಸಾಮಾನ್ಯ ಸಕ್ಕರೆ ತಿಂದರೆ ಸಾಲದು, ಅದನ್ನು ಒಡೆಯುವ ಕಿಣ್ವವನ್ನೇ ಬೇರು ಕಟ್ಟಿಹಾಕಿರುತ್ತದೆ. ಮೂರು ಚಮಚ, ಅಂದರೆ ಸುಮಾರು 15 ಗ್ರಾಂ, ಗ್ಲೂಕೋಸ್ ಪುಡಿಯೇ ಬೇಕು. ಕಷಾಯಕ್ಕೆ ಹಾಕುವ ಬೇರಿನ ಅಳತೆ ಮನೆಯಿಂದ ಮನೆಗೆ ಬೇರೆ. ಹಾಗಾಗಿ ವೈದ್ಯರಿಗೆ ಹೇಳದೆ ಶುರು ಮಾಡುವುದು ಬೇಡವೇ ಬೇಡ.

ಅರಿಶಿನದ ಕಥೆ ಬೇರೆ. ಸಕ್ಕರೆ ಹೆಚ್ಚಾದಾಗ ಕಿರುನಾಳದ ಗೋಡೆಯ ಜೀವಕೋಶದೊಳಗೆ ಸಾರ್ಬಿಟಾಲ್ ಕೂಡುತ್ತದೆ, ಪ್ರೋಟೀನಿಗೆ ಸಕ್ಕರೆ ಅಂಟುತ್ತದೆ, ಗೋಡೆಗೆ ಆನಿಕೆಯಾದ ಕೋಶಗಳು ಸಾಯುತ್ತವೆ. ಆಮೇಲೆ ನಾಳ ಉಬ್ಬಿ ಸೋರುತ್ತದೆ. ನಿಮ್ಮ ರೆಟಿನಾದ ಚುಕ್ಕೆಗಳು ಬಂದದ್ದು ಹೀಗೆ. ಪ್ರಯೋಗಾಲಯದ ತಟ್ಟೆಯಲ್ಲಿ ಅರಿಶಿನದ ಹಳದಿ ಸತ್ವ ಕರ್ಕ್ಯುಮಿನ್ ಇದಕ್ಕೆ ಅಡ್ಡ ಬರುತ್ತದೆ ನಿಜ. ಆದರೆ ಗ್ರಾಂಗಟ್ಟಲೆ ನುಂಗಿದರೂ ರಕ್ತಕ್ಕೆ ಸೇರುವುದು ತೀರಾ ಅಲ್ಪ. ಹೀರಿಕೆ ಹೆಚ್ಚಿಸಲೆಂದು ಕಾಳುಮೆಣಸಿನ ಪೈಪರಿನ್ ಬೆರೆಸಿದ ಕ್ಯಾಪ್ಸೂಲ್‌ಗಳಿವೆ. ಪೈಪರಿನ್ ಬೇರೆ ಔಷಧಗಳ ವಿಲೇವಾರಿಯನ್ನೂ ತಡೆಯುತ್ತದೆ, ಇಂಥ ಕ್ಯಾಪ್ಸೂಲ್‌ಗಳಿಂದ ಯಕೃತ್ತಿಗೆ ಪೆಟ್ಟಾದ ವರದಿಗಳೂ ಇವೆ. ಸಾರಿಗೆ, ಪಲ್ಯಕ್ಕೆ ಹಾಕುವ ಅರಿಶಿನಕ್ಕೆ ಯಾವ ತಕರಾರೂ ಇಲ್ಲ.

ಒಂದೆಲಗದ ಶುದ್ಧೀಕರಿಸಿದ ಸಾರವನ್ನು 60 ಮಿ.ಗ್ರಾಂ. ದಿನಕ್ಕೆರಡು ಬಾರಿ ಕೊಟ್ಟು ನಡೆಸಿದ ಚಿಕ್ಕ ಅಧ್ಯಯನಗಳಲ್ಲಿ ಕಾಲಿನ ಚರ್ಮದ ಕಿರುನಾಳಗಳ ಸೋರಿಕೆ ಕಡಿಮೆಯಾಗಿದೆ. ಅಷ್ಟಕ್ಕೇ ಕಣ್ಣು ಉಳಿಯಿತು ಎನ್ನಲಾಗದು. ತಂಬುಳಿ ಮಾಡಿ ಉಣ್ಣಿ, ಔಷಧವೆಂದು ಲೆಕ್ಕ ಹಿಡಿಯಬೇಡಿ. ಮುರುಗಲಿನ ಕೆಂಪು ಬಣ್ಣದ ಆಂಥೋಸಯನಿನ್ ಒಳ್ಳೆಯದೇ, ಆದರೆ ಸಿಪ್ಪೆಯ ಎರಡು ಪಾಲು ಸಕ್ಕರೆ ಹಾಕಿ ಇಳಿಸಿದ ಸಿರಪ್ ನಿಮಗಲ್ಲ. ಉಪ್ಪು ಹಾಕದೆ ಒಣಗಿಸಿದ ಸಿಪ್ಪೆ ನೆನೆಸಿದ ನೀರು ಸಾಕು. ಬಿಂಬುಳಿ, ಕರಂಬಲದ ರಸವನ್ನು ಮಾತ್ರ ಮುಟ್ಟಬೇಡಿ. ಅವುಗಳ ಆಕ್ಸಲೇಟ್ ಕಿಡ್ನಿಯಲ್ಲಿ ಹರಳುಗಟ್ಟುತ್ತದೆ. ಬಿಂಬುಳಿ ರಸ ಕುಡಿದು ಕಿಡ್ನಿ ಹಠಾತ್ತನೆ ಕೈಕೊಟ್ಟ ಹತ್ತು ರೋಗಿಗಳ ಬಗ್ಗೆ ಕೇರಳದ ವೈದ್ಯರು 2013ರಲ್ಲಿ ಬರೆದಿದ್ದಾರೆ.

ಕಿರುನಾಳ ಉಳಿಯುವುದು ಮುಖ್ಯವಾಗಿ ಸಕ್ಕರೆ, ರಕ್ತದೊತ್ತಡ ಎರಡರ ಹಿಡಿತದಿಂದ. ಬಿಪಿ ಸಾಮಾನ್ಯವಾಗಿ 130/80ರ ಒಳಗಿರಲಿ. ಮೂತ್ರದ ಆಲ್ಬುಮಿನ್-ಕ್ರಿಯಾಟಿನಿನ್ ಅನುಪಾತ ಒಂದು ಗ್ರಾಂ ಕ್ರಿಯಾಟಿನಿನ್‌ಗೆ 30 ಮಿ.ಗ್ರಾಂ.ಗಿಂತ ಕೆಳಗಿದ್ದರೆ ಸರಿ. ಜ್ವರ, ಉರಿಮೂತ್ರ ಇದ್ದಾಗ, ಗದ್ದೆ ತೋಟದಲ್ಲಿ ಮೈಮುರಿದು ದುಡಿದ ಮರುದಿನ ಈ ಸಂಖ್ಯೆ ಸುಮ್ಮನೆ ಏರುತ್ತದೆ, ಆಗ ಪರೀಕ್ಷೆ ಮಾಡಿಸಬೇಡಿ. ರೆಟಿನಾ ಪರೀಕ್ಷೆ ವರ್ಷಕ್ಕೊಮ್ಮೆಯಾದರೂ ಬೇಕು, ನಿಮ್ಮಂತೆ ಚುಕ್ಕೆ ಕಂಡವರಿಗೆ ವೈದ್ಯರು ಇನ್ನೂ ಬೇಗ ಬರಲು ಹೇಳಬಹುದು. ಕಣ್ಣಿಗೆ ಹನಿ ಹಾಕಿದ ಮೇಲೆ ಕೆಲವು ಗಂಟೆ ಮಂಜು ಮಂಜಾಗಿರುತ್ತದೆ. ಬೈಕ್ ಬಿಟ್ಟು, ಜೊತೆಗೊಬ್ಬರನ್ನು ಕರೆದುಕೊಂಡು ಬಸ್ಸಿನಲ್ಲಿ ಹೋಗಿ. ಬೇರಿನ ಚೀಲ, ಕ್ಯಾಪ್ಸೂಲಿನ ಡಬ್ಬಿ ಎರಡನ್ನೂ ವೈದ್ಯರ ಮೇಜಿನ ಮೇಲಿಟ್ಟು ತೋರಿಸಿ.